ಪರಿಸರ ಸಂಘಕ್ಕೆ ಒಂದು ವರ್ಷ ವಿರಾಮ ಕೊಡುವುದು ಹೇಗೆ? ಕಾಸರಗೋಡಿನ ಸಂಘಗಳಿಗೊಂದು ಮಾರ್ಗದರ್ಶಿ

ಕಾಸರಗೋಡು, ಕಾಞಂಗಾಡು, ನೀಲೇಶ್ವರ ಕಡೆ ಪರಿಸರ ಸಂಘ ನಡೆಸುವವರ ವರ್ಷ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಜೂನ್ 5ಕ್ಕೆ ಸಸಿ ನೆಡುವುದು. ಮಳೆ ಬಿಟ್ಟ ಮೇಲೆ ಕಡಲ ಕರೆ ಸ್ವಚ್ಛ ಮಾಡುವುದು. ಬೇಸಿಗೆಯಲ್ಲಿ ಬಾವಿ ನೀರು ಅಳೆಯುವುದು. ನಡುವೆ ಶಾಲೆಗಳ ಕಾರ್ಯಕ್ರಮ, ನಗರಸಭೆಯ ಮೀಟಿಂಗು, ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಹೋದ ಮರಗಳ ಬದಲಿ ಮರ ಎಲ್ಲಿ ಎಂದು ಕೇಳುವ ಅರ್ಜಿ. ಸುರುವಿನಲ್ಲಿ ಇಪ್ಪತ್ತು ಜನ ಇರುತ್ತಾರೆ. ಕೆಲವು ವರ್ಷದಲ್ಲಿ ಮೂರೇ ಜನ ಉಳಿಯುತ್ತಾರೆ, ಅದರಲ್ಲಿ ಒಬ್ಬರಿಗೆ ಬೆನ್ನು ನೋವು.

ಆಗ ಯಾರಾದರೂ ಹೇಳುತ್ತಾರೆ: "ಒಂದು ವರ್ಷ ನಿಲ್ಲಿಸೋಣ, ಸರಿ ಮಾಡಿಕೊಂಡು ಮತ್ತೆ ಸುರು ಮಾಡೋಣ." ಮಾತು ಸರಿಯೇ. ಆದರೆ ಹೆಚ್ಚಿನ ಸಂಘಗಳನ್ನು ಯಾರೂ ನಿಲ್ಲಿಸುವುದಿಲ್ಲ, ಅವು ತಾವಾಗಿ ನಿಂತು ಹೋಗುತ್ತವೆ. ಬೋರ್ಡು ಇರುತ್ತದೆ, ಬ್ಯಾಂಕ್ ಖಾತೆ ಇರುತ್ತದೆ, ಸಭೆ ಮಾತ್ರ ಇರುವುದಿಲ್ಲ. ಮೂರನೇ ವರ್ಷ ಎಬ್ಬಿಸಲು ಹೊರಟರೆ ಖಾತೆ ನಿಷ್ಕ್ರಿಯವಾಗಿರುತ್ತದೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಬಾಕಿ ಇರುತ್ತದೆ, ನೆಟ್ಟ ಸಸಿಯ ಜಾಗದಲ್ಲಿ ಒಣ ಕೋಲು ಇರುತ್ತದೆ. ಸರಿಯಾಗಿ ನಿಲ್ಲಿಸಲು ಮೂರ್ನಾಲ್ಕು ತಿಂಗಳ ಕೆಲಸ ಉಂಟು. ಅದನ್ನು ಮಾಡುವ ಕ್ರಮ ಇಲ್ಲಿದೆ.

1. ಮೊದಲು ಕಾರಣ ಬರೆಯಿರಿ

ಆಡಳಿತ ಸಮಿತಿಯವರೆಲ್ಲ ಕೂತು, ಮಾತಾಡುವ ಮೊದಲು, ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಕಾರಣ ಬರೆಯಲಿ. ಮಾತಿಗೆ ಸುರು ಮಾಡಿದರೆ ಗಟ್ಟಿ ಗಂಟಲಿನವರ ಕಾರಣವೇ ಎಲ್ಲರ ಕಾರಣ ಆಗಿಬಿಡುತ್ತದೆ.

ಎಲ್ಲ ಚೀಟಿಯಲ್ಲೂ "ಹಣ ಇಲ್ಲ" ಎಂದಿರುತ್ತದೆ. ಅದನ್ನು ಹಾಗೇ ಒಪ್ಪಬೇಡಿ. ಒಂದು ಪ್ರಶ್ನೆ ಕೇಳಿ: ನಾಳೆ ಐದು ಲಕ್ಷ ಬಂದರೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಯಾರು ಇಳಿಯುತ್ತಾರೆ? ಮೂರು ಹೆಸರು ಹೇಳಲು ಆಗದಿದ್ದರೆ ನಿಮ್ಮ ತೊಂದರೆ ಹಣದ್ದಲ್ಲ, ಜನರದ್ದು. ಆಗ ವಿರಾಮ ಉಪಯೋಗಕ್ಕೆ ಬರುತ್ತದೆ. ತೊಂದರೆ ನಿಜಕ್ಕೂ ಹಣದ್ದೇ ಆದರೆ ಸಂಘವನ್ನೇ ನಿಲ್ಲಿಸುವ ಅಗತ್ಯ ಇಲ್ಲ, ಒಂದೆರಡು ಕಾರ್ಯಕ್ರಮ ಬಿಟ್ಟರೆ ಸಾಕು. ಜಗಳ ಇದ್ದರೆ ವಿರಾಮದಿಂದ ಏನೂ ಆಗದು. ಜಗಳಕ್ಕೆ ರಜೆ ಇಲ್ಲ. ಮೊದಲು ಇಬ್ಬರಿಗೂ ಬೇಕಾದ ಹೊರಗಿನ ಹಿರಿಯರೊಬ್ಬರನ್ನು ಕೂರಿಸಿ ಮಾತಾಡಿ.

ಇನ್ನೊಂದು ಕಾರಣ ಉಂಟು, ಅದನ್ನು ಯಾರೂ ಬರೆಯುವುದಿಲ್ಲ. ನೀವು ಮಾಡುತ್ತಿದ್ದ ಕೆಲಸವನ್ನು ಈಗ ಬೇರೆಯವರು ಮಾಡುತ್ತಿರಬಹುದು. ಹಿಂದೆ ವಾರ್ಡಿನ ಪ್ಲಾಸ್ಟಿಕ್ ಸಂಗ್ರಹಿಸುತ್ತಿದ್ದ ಸಂಘಗಳಿದ್ದವು. ಈಗ ಹರಿತ ಕರ್ಮ ಸೇನೆಯ ಹೆಂಗಸರು ಮನೆ ಮನೆಗೆ ಬಂದು, ಬಳಕೆದಾರ ಶುಲ್ಕ ತೆಗೆದುಕೊಂಡು, ಒಣ ಕಸ ಒಯ್ಯುತ್ತಾರೆ. ಹಾಗಿರುವಾಗ ಅದೇ ಕೆಲಸಕ್ಕೆ ಸಂಘ ಯಾಕೆ? ಇದರಲ್ಲಿ ಬೇಜಾರು ಪಡುವಂಥದ್ದು ಏನೂ ಇಲ್ಲ. ಆದರೆ ಉದ್ದೇಶವನ್ನೇ ಬದಲಿಸಬೇಕಾಗುತ್ತದೆ, ಅದಕ್ಕೆ ಕಾನೂನಿನ ದಾರಿ ಸ್ವಲ್ಪ ಉದ್ದ. ಮುಂದೆ ಹೇಳುತ್ತೇನೆ.

2. ಠರಾವು: ಎರಡು ತಾರೀಕು, ಮೂರು ಹೆಸರು

ವಿರಾಮದ ನಿರ್ಧಾರ ವಾಟ್ಸಾಪ್ ಗುಂಪಿನಲ್ಲಿ ಆಗಬಾರದು. ಬೈಲಾ (ಸಂಘದ ನಿಯಮಾವಳಿ) ಪ್ರಕಾರ ನೋಟಿಸ್ ಕೊಟ್ಟು, ಕೋರಂ (ಸಭೆಗೆ ಬೇಕಾದ ಕನಿಷ್ಠ ಜನ) ಇರುವ ಸಭೆಯಲ್ಲಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ವಿರಾಮ, ಯಾವ ಕೆಲಸ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ, ಈ ಅವಧಿಯಲ್ಲಿ ಎಷ್ಟು ಖರ್ಚು ಮಾಡಬಹುದು, ಚೆಕ್‌ಗೆ ಸಹಿ ಯಾರದು, ಮುಂದಿನ ಮಹಾಸಭೆ ಯಾವಾಗ, ಇಷ್ಟೂ ಠರಾವಿನಲ್ಲಿ ಇರಲಿ.

ಜೊತೆಗೆ ನೋಡಿಕೊಳ್ಳುವವರು ಮೂವರ ಹೆಸರು ಬೇಕು. ಒಬ್ಬರು ಲೆಕ್ಕ ಬಲ್ಲವರು. ಒಬ್ಬರು ನರ್ಸರಿ ಅಥವಾ ಸಸಿಗಳ ಹತ್ತಿರವೇ ಮನೆ ಇರುವವರು. ಮೂರನೆಯವರು ಪದಾಧಿಕಾರಿ ಅಲ್ಲದ ಸದಸ್ಯರಾದರೆ ಒಳ್ಳೆಯದು. ಗಲ್ಫಿಗೆ ಹೋಗುವ ಯೋಚನೆ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಕಾಸರಗೋಡಿನಲ್ಲಿ ಇದು ತಮಾಷೆ ಅಲ್ಲ.

ವಿರಾಮ 12 ತಿಂಗಳು ದಾಟದಿರಲಿ ಎಂಬುದು ನನ್ನ ಅಭಿಪ್ರಾಯ. ಕಾರಣ ಉಂಟು. ಎರಡು ವರ್ಷ ನೀವಾಗಿ ಹಣ ಹಾಕದೆ, ತೆಗೆಯದೆ ಇದ್ದರೆ ಬ್ಯಾಂಕ್ ಖಾತೆ ನಿಷ್ಕ್ರಿಯ ಆಗುತ್ತದೆ. ಬ್ಯಾಂಕೇ ಹಾಕುವ ಬಡ್ಡಿ ಲೆಕ್ಕಕ್ಕಿಲ್ಲ. ವಿದೇಶಿ ದೇಣಿಗೆಯ ನೋಂದಣಿ ಇರುವ ಸಂಸ್ಥೆ ಸತತ ಎರಡು ವರ್ಷ ಕೆಲಸ ಮಾಡದಿದ್ದರೆ ನೋಂದಣಿ ರದ್ದು ಮಾಡಲು ಕಾನೂನಿನಲ್ಲಿ ಅವಕಾಶ ಉಂಟು, ರದ್ದಾದರೆ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಒಂದು ವರ್ಷ ಎಂದು ಬರೆದರೆ, ಸ್ವಲ್ಪ ತಡವಾದರೂ ಎರಡು ವರ್ಷದ ಒಳಗೆ ಏಳಬಹುದು.

3. ತಿಂಗಳು ನೋಡಿ ನಿಲ್ಲಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದು.

ಸಾಮಾನ್ಯವಾಗಿ ಸಂಘಗಳು ಮಾರ್ಚ್ 31ಕ್ಕೆ ನಿಲ್ಲಿಸುತ್ತವೆ. ಲೆಕ್ಕದ ವರ್ಷ ಅಲ್ಲಿಗೆ ಮುಗಿಯುತ್ತದಲ್ವಾ? ನಮ್ಮ ಊರಿಗೆ ಅದರಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ನೆಲದಲ್ಲಿ ಆ ನೀರು ನಿಲ್ಲುವುದಿಲ್ಲ. ಹೋದ ಜೂನ್‌ನಲ್ಲಿ ನೆಟ್ಟ ಸಸಿಗೆ ಏಪ್ರಿಲ್ ಎಂದರೆ ಮೊದಲ ಬೇಸಿಗೆಯ ಕೊನೆಯ ಪರೀಕ್ಷೆ. ಆ ಹೊತ್ತಿಗೆ ನೀರು ಹಾಕುವವರನ್ನು ಕಳಿಸಿದರೆ ಆಡಿಟರಿಗೆ ಅನುಕೂಲ, ಸಸಿಗೆ ಸಾವು.

ಜೂನ್ ಮಧ್ಯದಲ್ಲಿ ನಿಲ್ಲಿಸಿ. ಆ ವರ್ಷ ಹೊಸ ಸಸಿ ಒಂದೂ ನೆಡಬೇಡಿ. ಜೂನ್ 5ರಂದು ಫೋಟೋಕ್ಕೆ ಕರೆದರೂ ಬೇಡ. ಮಳೆ ಮತ್ತು ಅಕ್ಟೋಬರ್‌ನ ತುಲಾ ಮಳೆ ಸೇರಿ ನಾಲ್ಕೈದು ತಿಂಗಳು ನೀರಿನ ಕೆಲಸವನ್ನು ಅವೇ ನೋಡಿಕೊಳ್ಳುತ್ತವೆ. ಒಳಗಿನ ಮಾತುಕತೆ ಎಲ್ಲ ಆ ತಿಂಗಳುಗಳಲ್ಲಿ ಮುಗಿಸಿ. ಡಿಸೆಂಬರ್ ಕೊನೆಗೆ ನೀರಿನ ಏರ್ಪಾಡು ಬೇಕೇ ಬೇಕು.

ಅದಕ್ಕೆ ಮುಂಚೆ, ಮೇ ತಿಂಗಳಲ್ಲಿ, ಜೀವ ಇರುವ ವಸ್ತುಗಳ ಪಟ್ಟಿ ಮಾಡಿ. ಫೋನ್ ಹಿಡಿದು ನಡೆದು ನೋಡಿಯೇ ಮಾಡಬೇಕು, ಆಫೀಸಿನಲ್ಲಿ ಕೂತು ಮಾಡಿದ ಪಟ್ಟಿಯಲ್ಲಿ ಸತ್ತ ಮರಗಳೂ ಇರುತ್ತವೆ.

ನೆಟ್ಟು ಮೂರು ವರ್ಷ ದಾಟಿದ ಮರಗಳು ಹೆಚ್ಚಾಗಿ ತಾವೇ ಬದುಕುತ್ತವೆ. ಅವುಗಳಿಗೆ ಒಂದೇ ಕೆಲಸ: ಸುತ್ತ ಹಾಕಿದ ಕಬ್ಬಿಣದ ಗಾರ್ಡ್ ಕಾಂಡಕ್ಕೆ ಒತ್ತುತ್ತಿದ್ದರೆ ಈಗಲೇ ತೆಗೆಯಿರಿ. ಒಂದೆರಡು ವರ್ಷದ ಸಸಿಗಳಿಗೆ ಒಂದೊಂದು ಮನೆ ಅಥವಾ ಅಂಗಡಿ ಹುಡುಕಿ. ಎದುರಿನ ಅಂಗಡಿಯವರು "ನೋಡಿಕೊಳ್ತೇವೆ" ಎಂದರೆ ಹೆಸರು ಬರೆದುಕೊಳ್ಳಿ, ಜನವರಿಯಲ್ಲಿ ಒಮ್ಮೆ ನೆನಪು ಮಾಡಿ. ನರ್ಸರಿಯ ಬ್ಯಾಗಿನಲ್ಲಿ ಇರುವ ಸಸಿಗಳನ್ನು ಒಂದೂ ಉಳಿಸದೆ ಜೂನ್‌ನಲ್ಲೇ ಕೊಟ್ಟುಬಿಡಿ. ಬ್ಯಾಗಿನಲ್ಲೇ ವರ್ಷ ಕಳೆದರೆ ಬೇರು ಸುತ್ತಿಕೊಂಡು, ನೆಟ್ಟರೂ ಸರಿಯಾಗಿ ಏಳುವುದಿಲ್ಲ. ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿಯ ಕಂಪೌಂಡು, ಕೇಳಿದವರ ಹಿತ್ತಿಲು, ಎಲ್ಲಿಗಾದರೂ ಸರಿ.

ಚಂದ್ರಗಿರಿ, ಮೊಗ್ರಾಲ್ ಅಳಿವೆಗಳ ಹತ್ತಿರ ಕಾಂಡ್ಲಾ (ಉಪ್ಪು ನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ನೆಟ್ಟವರಿಗೆ ನೀರಿನ ಚಿಂತೆ ಇಲ್ಲ. ಆದರೆ ಮಳೆಗಾಲದ ನೆರೆಯಲ್ಲಿ ಬಂದ ಪ್ಲಾಸ್ಟಿಕ್, ಹರಿದ ಬಲೆ ಎಳೆಯ ಗಿಡಕ್ಕೆ ಸುತ್ತಿಕೊಳ್ಳುತ್ತದೆ. ಅಲ್ಲಿ ದೋಣಿ ಇಡುವವರಿಗೆ, ಮೀನು ಹಿಡಿಯುವವರಿಗೆ ಹೇಳಿಡಿ. ನಿಮಗಿಂತ ಜಾಸ್ತಿ ಸಲ ಅಲ್ಲಿಗೆ ಹೋಗುವವರು ಅವರೇ.

ಶಾಲೆ, ಫ್ಲಾಟುಗಳಲ್ಲಿ ಇಟ್ಟ ಕಂಪೋಸ್ಟ್ ತೊಟ್ಟಿಗಳ ವಿಷಯ ಬೇರೆ. ನೋಡುವವರಿಲ್ಲದ ತೊಟ್ಟಿ ನಾರುತ್ತದೆ. ಮಳೆ ನೀರು ನಿಂತರೆ ಸೊಳ್ಳೆ, ಸೊಳ್ಳೆ ಬಂದರೆ ಡೆಂಗಿ. ಒಪ್ಪಿಕೊಳ್ಳುವವರು ಇದ್ದರೆ ಬರೆದು ಒಪ್ಪಿಸಿ, ಇಲ್ಲದಿದ್ದರೆ ಖಾಲಿ ಮಾಡಿ ಕವುಚಿಡಿ. ಮನೆಗಳ ಮಾಡಿನ ನೀರನ್ನು ಬಾವಿಗೆ ಇಳಿಸುವ ಏರ್ಪಾಡು ಮಾಡಿಕೊಟ್ಟಿದ್ದರೆ ಆ ಮನೆಗಳಿಗೆ ಒಂದು ಚೀಟಿ ಕೊಡಿ: ಮೇ ಕೊನೆಗೆ ಫಿಲ್ಟರ್ ತೊಳೆಯಿರಿ, ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಮಾಡಿನ ಕೊಳೆ ಬಾವಿಗೆ ಇಳಿದರೆ ಬೈಗುಳ ಸಂಘಕ್ಕೇ.

ಇನ್ನು ಬಾವಿ ಲೆಕ್ಕ. ಪ್ರತಿ ತಿಂಗಳು ಅಳೆಯುತ್ತಿದ್ದ ಸಂಘಕ್ಕೆ ಅದನ್ನು ಬಿಡುವುದು ಕಷ್ಟ, ಮಧ್ಯೆ ಒಂದು ವರ್ಷ ತಪ್ಪಿದರೆ ಹಿಂದಿನ ಲೆಕ್ಕದ ಬೆಲೆಯೂ ಕಡಿಮೆ ಆಗುತ್ತದೆ. ಪೂರ್ತಿ ಬಿಡಬೇಡಿ. ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ವರ್ಷಕ್ಕೆ 4 ಸಲ ಅಳೆಯುತ್ತದೆ: ಜನವರಿ, ಮಳೆಗೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ನೀವೂ ಅಷ್ಟಕ್ಕೆ ಇಳಿಸಿ. ಅದೂ ಆಗದಿದ್ದರೆ ಮೇ ಕೊನೆ ಮತ್ತು ನವೆಂಬರ್, ಎರಡೇ ಸಲ. ಹಗ್ಗ, ಟೇಪು, ಒಂದು ನೋಟ್ ಬುಕ್, ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ ಸಾಕು. ಒಬ್ಬರೇ ಹೋಗದೆ ಜೊತೆಗೊಬ್ಬರು ಇರಲಿ.

4. ಹಣ ಮತ್ತು ಸಂಬಳ

ಖಾತೆಯಲ್ಲಿ ಇರುವ ಹಣ ಎಲ್ಲ ಒಂದೇ ಅಲ್ಲ. ಒಂದು ಕೆಲಸಕ್ಕೆಂದೇ ಬಂದ ಹಣವನ್ನು ಬೇರೆ ಬರೆಯಿರಿ, ಸಾಮಾನ್ಯ ದೇಣಿಗೆಯನ್ನು ಬೇರೆ. ಕಂಪನಿಯ ಸಿಎಸ್‌ಆರ್ ಹಣ (ಸಮಾಜದ ಕೆಲಸಕ್ಕೆಂದು ಕಂಪನಿ ಕೊಡುವುದು) ಉಳಿದಿದ್ದರೆ ಅವರನ್ನು ಕೇಳದೆ ಮುಟ್ಟಬೇಡಿ. ಬಾಡಿಗೆ ಕೊಡಲು ಅದನ್ನು ತೆಗೆದರೆ ಮತ್ತೆ ವಿವರಣೆ ಕೊಟ್ಟು ಮುಗಿಯದು. "ನಾವು ಇಂಥ ತಾರೀಕಿನವರೆಗೆ ನಿಲ್ಲಿಸುತ್ತೇವೆ. ಹಣ ಹಿಂದೆ ಕೊಡಬೇಕಾ, ಇಡಬೇಕಾ?" ಎಂದು ನೇರ ಕೇಳಿ. ಹೆಚ್ಚಿನವರು ಮರ್ಯಾದೆಯಿಂದ ಉತ್ತರ ಕೊಡುತ್ತಾರೆ.

ಮೊದಲ ಪಾಲು ಸಂಬಳದ್ದು. ಸಂಘಗಳಲ್ಲಿ ಇಬ್ಬರೋ ಮೂವರೋ ಕಡಿಮೆ ಸಂಬಳಕ್ಕೆ ದುಡಿಯುತ್ತಿರುತ್ತಾರೆ. ಅವರಿಗೆ ಸುದ್ದಿ ಮೊದಲು ಹೇಳಬೇಕು, ಸಭೆಗೂ ಮುಂಚೆ. ಎರಡು ತಿಂಗಳ ಮುಂಚಿತ ತಿಳಿವಳಿಕೆ, ಬಾಕಿ ಸಂಬಳ, ಕೆಲಸದ ಅನುಭವ ಪತ್ರ, ಇಷ್ಟು ಕನಿಷ್ಠ. 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆಯಾದರೆ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ ಕೊಡಲೇಬೇಕು. "ಮತ್ತೆ ಸುರುವಾದಾಗ ಕರೆಯುತ್ತೇವೆ" ಎಂದು ಬಾಯಿಮಾತು ಕೊಟ್ಟು ಅವರನ್ನು ಕಾಯಿಸಬೇಡಿ. ಅವರು ಬೇರೆ ಕೆಲಸ ಹುಡುಕಲಿ.

ಇಷ್ಟಾದ ಮೇಲೆ ಉಳಿದ ಹಣದಲ್ಲಿ ಒಂದು ವರ್ಷದ ಕನಿಷ್ಠ ಖರ್ಚು ತೆಗೆದಿಡಿ: ಆಡಿಟ್, ಬೇಸಿಗೆಯ ನೀರು, ಫೋನ್ ರೀಚಾರ್ಜ್, ವೆಬ್‌ಸೈಟಿನ ಹೆಸರಿನ ನವೀಕರಣ. ಬಾಡಿಗೆ ಆಫೀಸು ಬಿಡಬಹುದು. ಬಿಟ್ಟರೆ ನೋಂದಾಯಿತ ವಿಳಾಸಕ್ಕೆ ಬರುವ ಕಾಗದ ಯಾರ ಕೈಗೆ ಸೇರುತ್ತದೆ ಎಂದು ನೋಡಿ.

5. ನಿಲ್ಲಿಸಲಾಗದ ಕಾಗದಗಳು

ಒಂದು ಸಣ್ಣ ಚರಿತ್ರೆ ಇಲ್ಲಿ ಬೇಕು. 1956ರ ನವೆಂಬರ್ 1ಕ್ಕೆ ಕೇರಳ ಸೇರುವ ಮೊದಲು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. ಹಾಗಾಗಿ ಇಲ್ಲಿನ ಸಂಘಗಳು 1860ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ತಿರುವನಂತಪುರ, ಕೊಚ್ಚಿ ಕಡೆ ಇರುವುದು ತಿರುವಾಂಕೂರು-ಕೊಚ್ಚಿಯ 1955ರ ಕಾಯ್ದೆ. ಅಲ್ಲಿನ ಗೆಳೆಯರು ಕಳಿಸಿದ ಮಾದರಿ ಪತ್ರವನ್ನು ಹಾಗೇ ನಕಲು ಮಾಡುವ ಮೊದಲು ಮೇಲೆ ಯಾವ ಕಾಯ್ದೆಯ ಹೆಸರಿದೆ ಎಂದು ನೋಡಿ. ಟ್ರಸ್ಟ್ ಆಗಿದ್ದರೆ ನಿಮ್ಮ ಟ್ರಸ್ಟ್ ಡೀಡ್ ನೋಡಬೇಕು.

1860ರ ಕಾಯ್ದೆ ಪ್ರಕಾರ ವಾರ್ಷಿಕ ಮಹಾಸಭೆ ಆಗಿ 14 ದಿನದೊಳಗೆ ಆಡಳಿತ ಸಮಿತಿಯವರ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ವಿರಾಮದ ವರ್ಷ ಎಂದು ಇದಕ್ಕೆ ರಿಯಾಯಿತಿ ಇಲ್ಲ. ಮಹಾಸಭೆಯೂ ಆಗಬೇಕು. ಬೇರೆ ಕಾರ್ಯಕ್ರಮ ಇಲ್ಲದ್ದರಿಂದ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಆದಾಯ ತೆರಿಗೆಯೂ ಹಾಗೆಯೇ. ತೆರಿಗೆ ವಿನಾಯಿತಿಯ ನೋಂದಣಿ ಇದ್ದರೆ ಆ ವರ್ಷದ ಆದಾಯದ 85% ಖರ್ಚಾಗಬೇಕು. ವಿರಾಮದಲ್ಲಿ ಖರ್ಚು ಕಡಿಮೆ, ಆಗ ತೊಂದರೆ ಬರುತ್ತದೆ. ಇಂಥ ಉದ್ದೇಶಕ್ಕೆ ಎಂದು ತಿಳಿಸಿ ಐದು ವರ್ಷದವರೆಗೆ ಕೂಡಿಡಲು ಅವಕಾಶ ಉಂಟು, ಆದರೆ ಸಮಯಕ್ಕೆ ಅರ್ಜಿ ಕೊಡಬೇಕು. ನೋಂದಣಿಯ ಅವಧಿ ವಿರಾಮದ ನಡುವೆ ಮುಗಿಯುತ್ತದಾ ಎಂದು ಮೊದಲ ದಿನವೇ ನೋಡಿಕೊಳ್ಳಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ ಆದ್ದರಿಂದ ಹಳೆ ಫಾರಂ ನಂಬರುಗಳನ್ನು ನಂಬಬೇಡಿ, ಆಡಿಟರನ್ನು ಕೇಳಿ.

ವಿದೇಶಿ ದೇಣಿಗೆಯ ನೋಂದಣಿ ಇದ್ದವರು ಒಂದು ಪೈಸೆ ಬಾರದ ವರ್ಷವೂ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು. ಸೊನ್ನೆ ಲೆಕ್ಕವೂ ಲೆಕ್ಕವೇ.

6. ಹೇಳುವುದು

ನಗರಸಭೆಗೆ, ನಿಮ್ಮ ವಾರ್ಡ್ ಕೌನ್ಸಿಲರಿಗೆ, ಹರಿತ ಕರ್ಮ ಸೇನೆಯವರಿಗೆ, ಶಾಲೆಗಳಿಗೆ, ಸಾಮಾಜಿಕ ಅರಣ್ಯ ವಿಭಾಗಕ್ಕೆ ಪತ್ರ ಕೊಡಿ. ಒಂದೇ ಪುಟ ಸಾಕು. ಕನ್ನಡದಲ್ಲಿ ಬರೆಯಲು ಅಳುಕಬೇಡಿ. ಕೇರಳದ ಅಧಿಕೃತ ಭಾಷೆಯ ಕಾನೂನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧಿಕಾರಿಯ ಮೇಜಿನಲ್ಲಿ ಕನ್ನಡ ಪತ್ರ ವಾರಗಟ್ಟಲೆ ಕೂರುವುದೂ ಉಂಟು. ಕೆಳಗೊಂದು ಮಲಯಾಳಂ ಪ್ರತಿ ಪಿನ್ ಮಾಡಿ. ಹಕ್ಕೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಸದಸ್ಯರಿಗೆ, ದಾನಿಗಳಿಗೆ ಬರೆಯುವಾಗ "ಅನಿವಾರ್ಯ ಕಾರಣಗಳಿಂದ" ಎಂದು ಬರೆಯಬೇಡಿ ಮಾರಾಯ್ರೆ. ಊರಿನಲ್ಲಿ ಆ ಮಾತಿಗೆ ಎರಡೇ ಅರ್ಥ ಹುಟ್ಟುತ್ತದೆ, ಹಣ ನುಂಗಿದ್ದಾರೆ ಅಥವಾ ಜಗಳ ಆಗಿದೆ. "ಕೆಲಸ ಮಾಡುವವರು ಮೂವರೇ ಉಳಿದಿದ್ದೇವೆ. ಜವಾಬ್ದಾರಿ ಹಂಚುವ ಕ್ರಮ ಬದಲಿಸಲು ಇಂಥ ದಿನದವರೆಗೆ ನಿಲ್ಲಿಸಿದ್ದೇವೆ. ಖಾತೆಯಲ್ಲಿ ಇಷ್ಟಿದೆ" ಎಂದು ಬರೆದರೆ ಪ್ರಶ್ನೆಗಳೇ ಕಡಿಮೆ.

ವಾಟ್ಸಾಪ್ ಗುಂಪನ್ನು ಅಳಿಸಬೇಡಿ. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ. ಸುಮ್ನೆ ಬಿಟ್ಟರೆ ಅದು ಗುಡ್ ಮಾರ್ನಿಂಗ್ ಗುಂಪಾಗುತ್ತದೆ.

7. ಸಾಮಾನು ಮತ್ತು ದಾಖಲೆ

ನಮ್ಮ ಕಡೆ, ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನಿಂದ ಮಳೆಗಾಲದ ಮೊದಲು ಹಲಗೆ ತೆಗೆಯುತ್ತಾರೆ. ತೆಗೆದ ಹಲಗೆ ಎಲ್ಲಿಟ್ಟರು ಎಂಬುದರ ಮೇಲೆ ಮುಂದಿನ ವರ್ಷದ ನೀರು ನಿಂತಿದೆ. ಸಂಘದ ಸಾಮಾನೂ ಹೀಗೆಯೇ. ಹಾರೆ, ಪಿಕ್ಕಾಸು, ಪಂಪು, ಶೇಡ್ ನೆಟ್, ತಕ್ಕಡಿ, ಪ್ರೊಜೆಕ್ಟರ್ ಎಲ್ಲದಕ್ಕೂ ಪಟ್ಟಿ, ಇಟ್ಟುಕೊಂಡವರ ಸಹಿ. ಬಳಸದೆ ಇಟ್ಟ ಪಂಪು ಹಿಡಿದುಕೊಳ್ಳುತ್ತದೆ, ಆದ್ದರಿಂದ ಬಳಸುವವರ ಮನೆಯಲ್ಲೇ ಇಡಿ.

ಇಮೇಲ್, ವೆಬ್‌ಸೈಟ್, ತೆರಿಗೆ ಪೋರ್ಟಲ್ ಇವುಗಳ ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಒಟಿಪಿ ಬರುವ ಸಿಮ್ ಯಾರದು ಎಂದು ನೋಡಿ. ಹಿಂದಿನ ಕಾರ್ಯದರ್ಶಿಯ ಸ್ವಂತ ನಂಬರಾದರೆ ಈಗಲೇ ಬದಲಿಸಿ. ಸಂಘದ ಸಿಮ್ ಆದರೆ ರೀಚಾರ್ಜ್ ತಪ್ಪದಿರಲಿ, ತಿಂಗಳುಗಟ್ಟಲೆ ಬಳಸದ ನಂಬರು ಬೇರೆಯವರಿಗೆ ಹೋಗುತ್ತದೆ.

ಪಕ್ಷಿಗಳ ಲೆಕ್ಕ, ಗಿಡಗಳ ಪಟ್ಟಿ ಮನೆಯ ಲ್ಯಾಪ್‌ಟಾಪಿನಲ್ಲಿ ಕೊಳೆಯುವುದು ಬೇಡ. ಹಕ್ಕಿ, ಗಿಡ ಕಂಡದ್ದನ್ನು ದಾಖಲಿಸುವ ವೆಬ್ ತಾಣಗಳಾದ ಇ-ಬರ್ಡ್, ಐ-ನ್ಯಾಚುರಲಿಸ್ಟ್‌ಗೆ ಹಾಕಿ. ಚಂದ್ರಗಿರಿ ಹೊಳೆಯ ದೈತ್ಯ ಮೆದುಚಿಪ್ಪಿನ ಆಮೆಯಂಥ ಅಪರೂಪದ ಜೀವಿ ಕಂಡ ಜಾಗವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಒಂದು ಮುದ್ರಿತ ಪ್ರತಿಯನ್ನು ನಗರಸಭೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು ರಶೀದಿ ತೆಗೆದುಕೊಳ್ಳಿ.

8. ಒಳಗಿನ ರಿಪೇರಿ

ವಿರಾಮ ತೆಗೆದುಕೊಂಡದ್ದು ಇದಕ್ಕೇ. ಆದರೂ ಇದನ್ನೇ ಮುಂದೂಡುತ್ತಾರೆ. ಜುಲೈನಿಂದ ನವೆಂಬರ್ ಒಳಗೆ ತಿಂಗಳಿಗೊಂದು ಸಭೆ ಸಾಕು, ಒಂದು ಸಭೆಗೆ ಒಂದೇ ವಿಷಯ. ಯಾವ ಕೆಲಸ ಪೂರ್ತಿ ಬಿಡುವುದು? ಕಾರ್ಯದರ್ಶಿಯ ಕೆಲಸವನ್ನು ಎಷ್ಟು ಜನರಿಗೆ ಹಂಚುವುದು? ಒಬ್ಬರು ಎಷ್ಟು ವರ್ಷ ಹುದ್ದೆಯಲ್ಲಿ ಇರಬಹುದು? ತುಳು, ಮಲಯಾಳಂ, ಬ್ಯಾರಿ ಮಾತಾಡುವ ಬೀದಿಗಳಲ್ಲಿ ಕೆಲಸ ಮಾಡಿ, ಸಮಿತಿಯಲ್ಲಿ ಮಾತ್ರ ನಾವು ನಾವೇ ಇದ್ದೇವಾ? ಬಿಟ್ಟು ಹೋದವರಲ್ಲಿ ನಾಲ್ಕು ಜನರನ್ನು ಕರೆದು ಕೇಳಿ. ಅವರು ಹೇಳುವುದು ಕಿವಿಗೆ ಹಿತವಾಗದು, ಆದರೆ ಉಪಯೋಗದ್ದು.

ಉದ್ದೇಶ ಬದಲಿಸುವುದಾದರೆ, ಅಥವಾ ಇನ್ನೊಂದು ಸಂಘದ ಜೊತೆ ಸೇರುವುದಾದರೆ, 1860ರ ಕಾಯ್ದೆಯಲ್ಲಿ ಕ್ರಮ ಉಂಟು. ಪ್ರಸ್ತಾಪವನ್ನು ಬರೆದು ವಿಶೇಷ ಸಭೆಗೆ 10 ದಿನ ಮುಂಚೆ ಎಲ್ಲ ಸದಸ್ಯರಿಗೆ ಕಳಿಸಬೇಕು. ಐದರಲ್ಲಿ ಮೂರು ಪಾಲು ಮತ ಬೇಕು. ಒಂದು ತಿಂಗಳು ಬಿಟ್ಟು ಎರಡನೇ ವಿಶೇಷ ಸಭೆಯಲ್ಲಿ ಅಷ್ಟೇ ಬಹುಮತದಿಂದ ಮತ್ತೆ ಒಪ್ಪಬೇಕು. ಅಂದರೆ ಕಡಿಮೆ ಎಂದರೂ ಸುಮಾರು ನಲವತ್ತು ದಿನ. ಮೊದಲ ಸಭೆ ಸೆಪ್ಟೆಂಬರ್‌ನಲ್ಲಿ ಆಗದಿದ್ದರೆ ನೀರು ಹಾಕುವ ಕಾಲಕ್ಕೆ ಕೈಯಲ್ಲಿ ಎರಡೂ ಕೆಲಸ ಬರುತ್ತದೆ.

9. ತಾರೀಕು ಬಂದಾಗ

ಠರಾವಿನಲ್ಲಿ ಬರೆದ ದಿನ ಸಭೆ ಕರೆಯಿರಿ, ಕೆಲಸ ಅರ್ಧ ಆಗಿದ್ದರೂ. ಮತ್ತೆ ತೆರೆಯುವುದಾದರೆ ಒಂದೇ ಕೆಲಸದಿಂದ ಸುರು ಮಾಡಿ, ಎಂಟು ಕಾರ್ಯಕ್ರಮದ ಪಟ್ಟಿ ಬೇಡ. ಇನ್ನೂ ಸಮಯ ಬೇಕಾದರೆ ಹೊಸ ಠರಾವು ಬರೆದು ಒಂದು ಸಲ ಮಾತ್ರ ಮುಂದೂಡಿ.

ಯಾರೂ ಮುಂದೆ ಬರದಿದ್ದರೆ ಮುಚ್ಚುವುದೇ ಸರಿ. ಅದಕ್ಕೆ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ ಒಪ್ಪಬೇಕು. ಸಾಲ, ಬಾಕಿ ತೀರಿಸಿ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಇನ್ನೊಂದು ಸಂಘಕ್ಕೆ ಹೋಗಬೇಕು. ಯಾವ ಸಂಘ, ಯಾವ ಸಾಮಾನು, ಎಷ್ಟು ಹಣ ಎಂದು ಅದೇ ಸಭೆಯಲ್ಲಿ ಬರೆಯಿರಿ. ಬಾವಿ ಲೆಕ್ಕದ ಪುಸ್ತಕ ಮತ್ತು ನೀರು ಹಾಕುವವರ ಪಟ್ಟಿಯೂ ಆ ಸಂಘಕ್ಕೇ ಹೋಗಲಿ, ಸಹಿ ಹಾಕಿಸಿಕೊಂಡು ಕೊಡಿ.